ಪದವಿನ ಗಿಜಿಗಿಜಿಗಿಡ ಹಿತ್ತಲಲ್ಲಿ ಬೆಳೆದೀತೆ?



ಶಿರ್ತಾಡಿಯ ನಿಮ್ಮ ಮುರಕಲ್ಲಿನ ಹಿತ್ತಲಲ್ಲಿ ಗಿಜಿಗಿಜಿಗಿಡದ ಬೀಜ ಮೊಳೆಯಲಿಲ್ಲವೆಂದು ವ್ಯಥೆಪಟ್ಟು ಬರೆದಿರುವಿರಿ. ಬೀಜವು ನಿರ್ಜೀವವೆಂದು ಭಾವಿಸಬೇಡಿರಿ. ನೀರು ಒಳಹೊಗದಷ್ಟು ಕಠಿನವಾದ ಅದರ ಕವಚವೇ ಇದಕ್ಕೆ ಕಾರಣವಾಗಿರಬಹುದು. ಅಲುಗಿಸಿದರೆ ಗಲಗಲನೆ ನುಡಿಯುವ ಒಣಗಾಯಿಗಳಿಂದ ಬೀಜಗಳನ್ನು ಬಿಡಿಸಿ, ಒರಟು ಮರಳಿನೊಡನೆ ಹದವಾಗಿ ಉಜ್ಜಿ, ಬಿಸಿನೀರಿನಲ್ಲಿ ಒಂದಿರುಳು ನೆನೆಯಿಟ್ಟು, ಉಬ್ಬಿದವುಗಳನ್ನೇ ಆಯ್ದು, ಆಟಿ ತಿಂಗಳ ಜಡಿಮಳೆಗೆ ಮುನ್ನ ಸಸಿಗಳು ಬೇರೂರುವಂತೆ, ಮೊದಲ ಮಳೆಗೇ ಏರುಮಡಿಯಲ್ಲಿ ಬಿತ್ತಿರಿ. ಬಿಸಿಲು ಧಾರಾಳವಾಗಿರಲಿ, ಕಿತ್ತು ನೆಡುವುದು ಬೇಡ.

ಗಿಜಿಗಿಜಿಗಿಡವು ದ್ವಿದಳ ಧಾನ್ಯಗಳ ಜಾತಿಯದಾದುದರಿಂದ ಯೂರಿಯಾ ಹಾಕಲೇಬೇಡಿರಿ. ಈ ಜಾತಿಯ ಸಸ್ಯಗಳ ಬೇರುಗಂಟುಗಳಲ್ಲಿ ವಾಸಿಸಿ ವಾಯುವಿನ ಸಾರಜನಕವನ್ನು ಸಸ್ಯದ ಆಹಾರವನ್ನಾಗಿ ಮಾರ್ಪಡಿಸುವ ಸೂಕ್ಷ್ಮಜೀವಿಗಳನ್ನು ಡಚ್ ವಿಜ್ಞಾನಿ ಬೈಯರಿಂಕ್ 1888ರಲ್ಲಿ ಬೇರ್ಪಡಿಸಿ ತೋರಿಸಿದರು. ಮಣ್ಣಿನಲ್ಲಿ ಸಾರಜನಕವು ಯಥೇಚ್ಛವಾಗಿದ್ದರೆ ಈ ಸಖ್ಯವೇ ಕುಂಠಿತವಾಗುವುದು. ಆದುದರಿಂದ ಯೂರಿಯಾದ ಬದಲು, ಆ ಸೂಕ್ಷ್ಮಜೀವಿಗಳು ದೊರೆಯುವಂತೆ, ಪದವಿನಲ್ಲಿ (ಮುರಕಲ್ಲಿನ ಬಯಲಿನಲ್ಲಿ) ಗಿಡ ಹುಲುಸಾಗಿರುವೆಡೆಯ ಒಂದು ಹಿಡಿ ಮಣ್ಣನ್ನು ತಂದು ಮಡಿಯಲ್ಲಿ ಬೆರೆಸಿರಿ. ಕೆಲವು ವಾರಗಳಾದ ಮೇಲೆ ಒಂದು ಗಿಡವನ್ನು ಮೆಲ್ಲನೆ ಅಗೆದು, ಬೇರಿನ ಗಂಟೊಂದನ್ನು ಉಗುರಿನಿಂದ ಸೀಳಿ ನೋಡಿರಿ: ಒಳಗೆ ನಸುಗೆಂಪಿದ್ದರೆ ಕಾರ್ಯ ಸಾಗುತ್ತಿದೆಯೆಂದೇ ಅರ್ಥ. ಅದೆಷ್ಟು ಸಂತೋಷದ ನೋಟ!

ಹಳದಿ ಹೂಗೊಂಚಲು ಮುಗಿದೊಡನೆಯೇ ಗಿಡವನ್ನು ಕೀಳುವ ಆತುರ ಬೇಡ. ನೀಲಿಹುಲಿ ಮುಂತಾದ ಚಿಟ್ಟೆಗಳ ಗಂಡುಗಳು ಬಾಡಿದ ಎಲೆಕಾಂಡಗಳಿಂದ ಕ್ಷಾರಸತ್ತ್ವವನ್ನು ಹೀರಿ, ಹೆಣ್ಣನ್ನೊಲಿಸುವ ಪರಿಮಳವನ್ನು ಅದರಿಂದಲೇ ಸಿದ್ಧಪಡಿಸಿಕೊಳ್ಳುತ್ತವೆ. ಆ ಸತ್ತ್ವವೇ ದನಗಳ ಯಕೃತ್ತಿಗೆ ವಿಷವಾದುದರಿಂದ ಮಡಿಗೆ ಬೇಲಿ ಕಟ್ಟಿಸಿರಿ. ಕಳೆಯೊಡನೆ ಈ ಗಿಡವು ಹಟ್ಟಿಯ ಮೇವಿಗೆ ಸೇರದಂತೆ ಮನೆಯವರಿಗೆಲ್ಲ ತಿಳಿಸಿಡಿರಿ.