ಸುರಪುರ ಸೀಮೆಗೆ ಹೊರಟವರಿಗೆ
ಯಾದಗಿರಿಯ ಬೆಟ್ಟದ ಕೋಟೆಯನ್ನು ಬಿಸಿಲೇರುವ ಮುನ್ನವೇ ಹತ್ತಿಳಿಯಬೇಕು; ಬಂಡೆ ಕಾದ ಮೇಲೆ ಕಾಲಿಡುವುದು ಕಷ್ಟ. ಅಲ್ಲಿಂದ ಅಬ್ಬೆತುಮಕೂರಿನ ವಿಶ್ವಾರಾಧ್ಯರ ಮಠಕ್ಕೆ ಹೋಗಿ ದರ್ಶನ ಪಡೆಯಬಹುದು. ಶಹಾಪುರದ ಮಲಗಿದ ಬುದ್ಧನ ಬೆಟ್ಟವನ್ನು ಹತ್ತಬೇಕಿಲ್ಲ, ಆ ಆಕಾರ ಕಾಣುವುದೇ ದೂರದಿಂದ.

ಹೆಚ್ಚಿನ ಹೊತ್ತನ್ನು ಸುರಪುರಕ್ಕೇ ಇಡುವುದು ಮೇಲು. ಬ್ರಿಟಿಷ್ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರ್ ವಾಸವಿದ್ದ ಟೇಲರ್ ಮಂಜಿಲ್ ಇರುವುದು ಇಲ್ಲಿಯೇ. ಅವನ ಪಾಲನೆಯಲ್ಲಿ ಬೆಳೆದ ಬಾಲರಾಜ ವೆಂಕಟಪ್ಪ ನಾಯಕನೇ 1858ರಲ್ಲಿ ಬ್ರಿಟಿಷರ ವಿರುದ್ಧ ಸಿಡಿದೆದ್ದ. ಈ ಕಥೆ ತಿಳಿದು ನೋಡಿದವರಿಗೆ ಆ ಬಂಗಲೆ ಬರೀ ಕಟ್ಟಡವಾಗಿ ಕಾಣದು.

ಊಟಕ್ಕೆ ಖಾನಾವಳಿಯೇ ಸರಿ: ಜೋಳದ ರೊಟ್ಟಿ, ಪುಂಡಿಪಲ್ಯ, ಎಣ್ಣೆಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಹೆಂಚಿನಿಂದ ಆಗಷ್ಟೇ ಇಳಿದ ಬಿಸಿ ರೊಟ್ಟಿಯನ್ನೇ ಕೇಳಿ ಹಾಕಿಸಿಕೊಳ್ಳಬೇಕು. ದಾರಿಗೆ ಕಟ್ಟಿಸಿಕೊಳ್ಳಲು ಖಡಕ್ ರೊಟ್ಟಿ ಒಳ್ಳೆಯದು, ಅದು ದಿನಗಟ್ಟಲೆ ಕೆಡುವುದಿಲ್ಲ.