ಹಳೇ ಆರ್‌ಎಕ್ಸ್ 100ಕ್ಕೆ ಎಷ್ಟು ಕೊಡಬೇಕು?

ಗಂಗಾವತಿ, ಕುಷ್ಟಗಿ ಸೇರಿದಂತೆ ನಮ್ಮ ಭಾಗದ ಹುಡುಗರಿಗೆ ಹುಚ್ಚು ಹಿಡಿಸಿರುವುದು ಯಮಹಾ ಆರ್‌ಎಕ್ಸ್ 100, ಯೆಜ್ಡಿ ರೋಡ್‌ಕಿಂಗ್, ಜಾವಾ. ಆರ್‌ಎಕ್ಸ್ 1985ರಿಂದ 1996ರವರೆಗೆ ತಯಾರಾದ ಗಾಡಿ. ಜಾವಾ, ಯೆಜ್ಡಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯವು. ಅದೂ 1996ರಲ್ಲೇ ಬಾಗಿಲು ಹಾಕಿತು. ಜಾವಾ, ಯೆಜ್ಡಿ ಹೆಸರುಗಳು ಈಚೆಗೆ ಮರಳಿ ಬಂದರೂ ಆ ಟೂ-ಸ್ಟ್ರೋಕ್ ಎಂಜಿನ್ ಬರಲಿಲ್ಲ. ಹೀಗಾಗಿ ಮಾರುವವನು ಬಾಯಿಗೆ ಬಂದ ರೇಟು ಹೇಳುತ್ತಾನೆ, ಕೊಳ್ಳುವವನು ಶಬ್ದ ಕೇಳಿಯೇ ಕರಗುತ್ತಾನೆ.

ರೇಟು ಹೆಚ್ಚಾಯಿತೆಂದು ಆಮೇಲೆ ಕೋರ್ಟಿಗೆ ಹೋಗಬಹುದೇ? ಬರೀ ಅಷ್ಟಕ್ಕೇ ಆಗುವುದಿಲ್ಲ. 1872ರ ಕರಾರು ಕಾಯ್ದೆಯ 25ನೇ ಕಲಮಿನ ಪ್ರಕಾರ, ಒಪ್ಪಿಗೆ ಸ್ವಇಚ್ಛೆಯದಾಗಿದ್ದರೆ, ಕೊಟ್ಟದ್ದಕ್ಕೂ ಪಡೆದದ್ದಕ್ಕೂ ಸರಿದೂಗಲಿಲ್ಲ ಎಂಬ ಒಂದೇ ಕಾರಣಕ್ಕೆ ವ್ಯವಹಾರ ಅನೂರ್ಜಿತವಾಗದು. ಮೋಸ ನಡೆದಿದ್ದರೆ ಮಾತು ಬೇರೆ. ಅಲ್ಲೂ ಒಂದು ಗಂಟಿದೆ: ಮಾರುವವನು ಬಾಯಿಬಿಡದೆ ಮುಚ್ಚಿಟ್ಟ ದೋಷವನ್ನು ನೀವು ಸಾಧಾರಣ ಎಚ್ಚರದಿಂದ ಕಂಡುಹಿಡಿಯಬಹುದಿತ್ತು ಎಂದಾದರೆ 19ನೇ ಕಲಂ ನಿಮ್ಮ ಕೈಬಿಡುತ್ತದೆ. ಆದ್ದರಿಂದ ನ್ಯಾಯವಾದ ಬೆಲೆ ಯಾವುದೆಂದು ಗೊತ್ತುಮಾಡುವ ಕೆಲಸ ಹಣ ಕೊಡುವ ಮುಂಚೆಯೇ ಮುಗಿಯಬೇಕು. ಆ ಕೆಲಸ ಎಂಜಿನ್ನಿಗಿಂತ ಮೊದಲು ಆರ್‌ಸಿಯಿಂದ ಶುರುವಾಗಬೇಕು ಎಂಬುದು ನನ್ನ ಅಭಿಪ್ರಾಯ. ನಿಮ್ಮ ಹೆಸರಿಗೆ ಆಗದ ಗಾಡಿ ಎಷ್ಟೇ ಹೊಳೆಯುತ್ತಿರಲಿ, ಅದರ ಬೆಲೆ ಬಿಡಿಭಾಗಗಳ ಬೆಲೆ ಮಾತ್ರ.

ಮೊದಲು ಪರಿವಾಹನ್ ಜಾಲತಾಣದಲ್ಲಿ ನಂಬರ್ ಹಾಕಿ ನೋಡಿ. ಆರ್‌ಸಿ ಊರ್ಜಿತವಿದೆಯೇ, ಸಾಲದ ನಮೂದು ಇದೆಯೇ, ವಿಮೆ ಯಾವಾಗ ಮುಗಿಯಿತು, ದಂಡ ಬಾಕಿ ಇದೆಯೇ ಎಂಬುದು ತಿಳಿಯುತ್ತದೆ. ದಾಖಲೆ ಇಲ್ಲ ಅಂತ ಬಂದರೆ ಗಾಬರಿ ಬೇಡ, ಆದರೆ ಮುಂದಕ್ಕೂ ಹೋಗಬೇಡಿ. ಕೈಬರಹದ ಕಾಲದ ಗಾಡಿಗಳು ಎಷ್ಟೋ ಕಂಪ್ಯೂಟರಿಗೆ ಏರಿಲ್ಲ. ನಮ್ಮ ಕೊಪ್ಪಳ 1997ರವರೆಗೆ ರಾಯಚೂರು ಜಿಲ್ಲೆಯಲ್ಲಿತ್ತು, ಹಾಗಾಗಿ ಹಳೇ ನಂಬರಿನ ಮೂಲ ದಾಖಲೆಯನ್ನು ರಾಯಚೂರು ಆರ್‌ಟಿಒದಲ್ಲೂ ಹುಡುಕಿಸಬೇಕಾಗಬಹುದು. ಆ ಓಡಾಟ ಮಾರುವವನದು. ಅವನು ಮಾಡಿಕೊಡದಿದ್ದರೆ ರೇಟಿನಲ್ಲಿ ಕಳೆಯಬೇಕು.

ಆಮೇಲೆ ಗಾಡಿಯ ಕುತ್ತಿಗೆ. ಹ್ಯಾಂಡಲ್ ತಿರುಗಿಸಿ, ಚೇಸಿಸ್ ನಂಬರ್ ಇರುವ ಜಾಗವನ್ನು ಒರೆಸಿ, ಬಿಳಿ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ. ಎಲ್ಲ ಅಂಕಿಗಳೂ ಒಂದೇ ಆಳ, ಒಂದೇ ಅಂತರದಲ್ಲಿ ಮೂಡಬೇಕು. ಉಳಿದ ಪೇಂಟ್ ಮಾಸಿದ್ದು ಆ ನಾಲ್ಕು ಬೆರಳಗಲ ಮಾತ್ರ ಹೊಸದಾಗಿದ್ದರೆ, ಗ್ರೈಂಡರ್ ಆಡಿಸಿದ ಗೆರೆ ಕಂಡರೆ, ಚಹಾ ಕುಡಿದು ಎದ್ದು ಬನ್ನಿ. ಕಳವಿನ ಮಾಲೆಂದು ಗೊತ್ತಿದ್ದೂ, ಅಥವಾ ಹಾಗೆ ನಂಬಲು ಕಾರಣವಿದ್ದೂ ಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಮಿನ ಅಪರಾಧ. ತಿಳಿಯದೆ ಕೊಂಡವನಿಗೂ ಗಾಡಿ ದಕ್ಕುವುದಿಲ್ಲ. ಕಳ್ಳನಿಗಿಲ್ಲದ ಒಡೆತನ ಅವನಿಂದ ಕೊಂಡವನಿಗೆ ಬರದು. ಎಂಜಿನ್ ನಂಬರ್ ಆರ್‌ಸಿಯೊಂದಿಗೆ ಹೊಂದದಿದ್ದರೆ, ಬೇರೆ ಎಂಜಿನ್ ಕೂರಿಸಿದ್ದಕ್ಕೆ ಆರ್‌ಟಿಒ ನಮೂದು ಕೇಳಿ.

ಇನ್ನು ಕಳೆಯುವ ಲೆಕ್ಕ. ಖಾಸಗಿ ಗಾಡಿಯ ನೋಂದಣಿ ಮೊದಲು 15 ವರ್ಷ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಇಪ್ಪತ್ತು ವರ್ಷ ದಾಟಿದ ಬೈಕಿನ ನವೀಕರಣ ಶುಲ್ಕ 2025ರ ಆಗಸ್ಟ್‌ನಿಂದ 2,000 ರೂಪಾಯಿ, ಕಾರಿಗೆ 10,000. ತಡವಾದರೆ 2022ರ ಏಪ್ರಿಲ್‌ನಿಂದ ಬೈಕಿಗೆ ತಿಂಗಳಿಗೆ 300, ಕಾರಿಗೆ 500 ಹೆಚ್ಚುವರಿ. ಎರಡು ವರ್ಷದಿಂದ ಆರ್‌ಸಿ ಸತ್ತಿರುವ ಬೈಕಿಗೆ ಮಾರುವವನು 80,000 ಹೇಳಿದ ಅಂದುಕೊಳ್ಳಿ. ತಡದ ಶುಲ್ಕವೇ 7,200, ನವೀಕರಣಕ್ಕೆ 2,000, ಇದರ ಮೇಲೆ ಹಸಿರು ತೆರಿಗೆ, ವಿಮೆ, ಮೆಕ್ಯಾನಿಕ್ ಬರೆದುಕೊಟ್ಟ ಬೋರ್–ಪಿಸ್ಟನ್ ಖರ್ಚು. ಇದನ್ನೆಲ್ಲ ಚೀಟಿಯಲ್ಲಿ ಬರೆದು ಅವನ ಮುಂದಿಡಿ. ಹೋಲಿಕೆಗೆ ಇನ್ನೊಬ್ಬ ಹೇಳಿದ ರೇಟು ಹಿಡಿಯಬೇಡಿ, ನಿಜವಾಗಿ ಕೈಬದಲಾದ ಗಾಡಿಗೆ ಬ್ಯಾಂಕಿನಿಂದ ಎಷ್ಟು ಹೋಯಿತು ಕೇಳಿ. ಐದು ವರ್ಷ ಮೀರಿದ ವಾಹನದ ವಿಮಾ ಮೌಲ್ಯ ವಿಮಾ ಕಂಪನಿಗೂ ಮಾಲೀಕನಿಗೂ ಆಗುವ ಒಪ್ಪಂದದ ಮೇಲೆ ನಿಲ್ಲುತ್ತದೆ, ಹಾಗಾಗಿ ಪಾಲಿಸಿಯಲ್ಲಿ ಕಂಡ ಅಂಕಿಯೂ ವೇದವಾಕ್ಯವಲ್ಲ.

“ವಿಂಟೇಜ್ ಗಾಡಿ ಸರ್” ಎಂಬ ಮಾತಿಗೆ ಹೆಚ್ಚು ಕೊಡಬೇಡಿ. 2021ರ ಕೇಂದ್ರ ನಿಯಮದ ಪ್ರಕಾರ ವಿಂಟೇಜ್ ಎನಿಸಿಕೊಳ್ಳಲು 50 ವರ್ಷ ದಾಟಿರಬೇಕು, ಮೂಲ ರೂಪ ಉಳಿದಿರಬೇಕು. ಮೊಟ್ಟಮೊದಲ ಆರ್‌ಎಕ್ಸ್ 100ಕ್ಕೂ 2035ರವರೆಗೆ ಆ ಭಾಗ್ಯವಿಲ್ಲ. ಅರವತ್ತರ ದಶಕದ ಜಾವಾಗೆ ಉಂಟು. ಆದರೆ ಹಾಗೆ ನೋಂದಾಯಿಸಿದರೆ ಶುಲ್ಕ 20,000, ಹತ್ತು ವರ್ಷದ ಅವಧಿ, ಮತ್ತು ದಿನನಿತ್ಯ ಓಡಿಸುವಂತಿಲ್ಲ. ಯಲಬುರ್ಗಾದಿಂದ ಕೊಪ್ಪಳಕ್ಕೆ ಕೆಲಸಕ್ಕೆ ಹೋಗುವವನಿಗೆ ಅದು ಯಾತಕ್ಕೂ ಬೇಡ. ಸೈಲೆನ್ಸರ್ ಬದಲಿಸಿ “ಆಲ್ಟರ್ ಮಾಡ್ಸೀನಿ” ಎಂದು ಹೆಚ್ಚು ಕೇಳಿದರೆ ಉಲ್ಟಾ ಕಡಿಮೆ ಮಾಡಿ, ಮತ್ತೆ ಮೂಲ ಸ್ಥಿತಿಗೆ ತರುವ ಖರ್ಚು ನಿಮ್ಮದೇ. ಚೌಕಾಸಿಗೆ ಇಳಿದ ಕೆಲವರು ಹದಿನೈದು ವರ್ಷದ ಗಾಡಿ ಓಡಿಸಂಗಿಲ್ಲ ಅಂತ ಹೆದರಿಸುವುದೂ ಉಂಟು. ಅದು ದೆಹಲಿ ಭಾಗದ ಕಟ್ಟಳೆ. ಇಲ್ಲಿ ತಪಾಸಣೆಯಲ್ಲಿ ಪಾಸಾಗಿ ನವೀಕರಣಗೊಂಡರೆ ಓಡಿಸಬಹುದು.

ನಮ್ಮಲ್ಲಿ ದೊಡ್ಡ ರೋಗ ಎಂದರೆ ಸ್ಟಾಂಪ್ ಪೇಪರ್ ವ್ಯವಹಾರ. ನೋಟರಿ ಮುಂದೆ ಸಹಿ, ಹೆಸರು ಬದಲಾವಣೆಯ ಖಾಲಿ ಫಾರಂ 29, 30, ಆರ್‌ಸಿಯಲ್ಲಿ ಮಾತ್ರ ಮೂರು ಕೈ ಹಿಂದಿನವನ ಹೆಸರು. ಮೋಟಾರು ವಾಹನ ಕಾಯ್ದೆಯ 50ನೇ ಕಲಮಿನಂತೆ ರಾಜ್ಯದೊಳಗಿನ ಮಾರಾಟವನ್ನು ಮಾರಿದವನು 14 ದಿನದಲ್ಲಿ, ಕೊಂಡವನು 30 ದಿನದಲ್ಲಿ ತಿಳಿಸಬೇಕು. ಅಪಘಾತವಾದರೆ ದಾಖಲೆಯಲ್ಲಿ ಹೆಸರಿದ್ದವನೇ ಮಾಲೀಕ ಎಂದು ಸುಪ್ರೀಂ ಕೋರ್ಟು 2018ರ ನವೀನ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ಅಂದರೆ ಹೆಸರು ಬದಲಿಸುವ ಅವಸರ ಮಾರುವವನಿಗೂ ಇರಬೇಕು. ಇದನ್ನು ಅವನಿಗೆ ಹೇಳಿದರೆ ರೇಟು ಕೂಡ ಮೆದುವಾಗುತ್ತದೆ.

ಅಟ್ಟದ ಕೆಳಗೆ ನಿಂತ ಅಜ್ಜನ ಯೆಜ್ಡಿ ಮಾರುವಾಗ ಇನ್ನಷ್ಟು ತೊಡಕು. ತೀರಿಕೊಂಡವರ ಹೆಸರಲ್ಲಿ ಯಾರೋ ಸಹಿ ಹಾಕಿದರೆ ಅದು ಫೋರ್ಜರಿ. ಮೊದಲು ಫಾರಂ 31ರಲ್ಲಿ ವಾರಸುದಾರರ ಹೆಸರಿಗೆ ಆಗಬೇಕು: ಮರಣ ಪ್ರಮಾಣಪತ್ರ, ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆ. ಮದುವೆಯಾಗಿ ಬೇರೆ ಊರಿಗೆ ಹೋದ ಹೆಣ್ಣುಮಕ್ಕಳ ಸಹಿಯನ್ನು ಜನ ಮರೆಯುತ್ತಾರೆ, ಅದೇ ಮುಂದೆ ತಕರಾರಿಗೆ ದಾರಿ. ಆಂಧ್ರ, ತೆಲಂಗಾಣ, ಮಹಾರಾಷ್ಟ್ರದ ನಂಬರಿದ್ದರೆ ಅಲ್ಲಿನ ಆರ್‌ಟಿಒ ಎನ್‌ಒಸಿ ಬೇಕು, ಇಲ್ಲಿನ ರಸ್ತೆ ತೆರಿಗೆ ಬೇರೆ. ಅಗ್ಗ ಅನ್ನಿಸಿದ್ದು ಅಲ್ಲೇ ಸರಿದೂಗುತ್ತದೆ. ಹಳೇ ಸಾಲ ತೀರಿದ್ದರೂ ನಮೂದು ಅಳಿಸಿರದಿದ್ದರೆ ಫಾರಂ 35 ಮತ್ತು ಫೈನಾನ್ಸ್‌ನವರ ಎನ್‌ಒಸಿ ತರಿಸಿ. ಫೈನಾನ್ಸ್ ಕಂಪನಿಯೇ ಮುಚ್ಚಿಹೋಗಿದ್ದರೆ ಆ ಗಾಡಿಯ ಆಸೆ ಬಿಡುವುದು ಲೇಸು.

ಸಂಚಕಾರ ಕೊಡುವಾಗ ಚೀಟಿಯಲ್ಲಿ ಚೇಸಿಸ್ ನಂಬರ್, ಒಟ್ಟು ಬೆಲೆ, ಹೆಸರು ಬದಲಾದ ಮೇಲೆ ಕೊಡುವ ಬಾಕಿ, ದಾಖಲೆ ಸುಳ್ಳಾದರೆ ಹಣ ವಾಪಸ್ ಎಂಬ ಷರತ್ತು ಇರಲಿ. ಹಣ ಬ್ಯಾಂಕಿನಿಂದಲೇ ಹೋಗಲಿ; ಒಂದು ವ್ಯವಹಾರದಲ್ಲಿ ಎರಡು ಲಕ್ಷ ಅಥವಾ ಅದಕ್ಕೂ ಹೆಚ್ಚು ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ.

ಮೋಸ ಹೋದಿರಾ? ಸೆಕೆಂಡ್‌ಹ್ಯಾಂಡ್ ವ್ಯಾಪಾರಿಯಿಂದ ಕೊಂಡಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು, ಐದು ಲಕ್ಷದವರೆಗೆ ಶುಲ್ಕವಿಲ್ಲ. ವ್ಯಾಪಾರಿ ಹೈದರಾಬಾದಿನವನಾದರೂ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ನಡೆಯುತ್ತದೆ. ಪಕ್ಕದ ಮನೆಯವನಿಂದ ಕೊಂಡಿದ್ದರೆ ಸಿವಿಲ್ ಕೋರ್ಟು, ದಾಖಲೆಯೇ ನಕಲಿಯಾದರೆ ಪೊಲೀಸ್ ಠಾಣೆ. ಖರ್ಚಿಗೆ ಹೆದರುವ ಅರ್ಹರಿಗೆ ಕಾನೂನು ಸೇವೆಗಳ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯದ ಮಿತಿಯೇ ಇಲ್ಲ. ಕೇಳಲು 15100ಕ್ಕೆ ಫೋನ್ ಮಾಡಿದರೆ ಸಾಕು.