ಬರಗಾಲದ ಹಳಿ, ಸಮರದ ಹಳಿ

1876ರಿಂದ 1878ರವರೆಗೆ ದಕ್ಷಿಣ ಭಾರತವನ್ನು ಭೀಕರ ಕ್ಷಾಮವು ಆವರಿಸಿತು. ಧಾನ್ಯವಿದ್ದ ಕಡೆಯಿಂದ ಇಲ್ಲದ ಕಡೆಗೆ ಅದನ್ನು ಸಾಗಿಸಲು ಹಲವೆಡೆ ಎತ್ತಿನ ಗಾಡಿಯೇ ಗತಿ. ಆದರೆ ದಾರಿಯಲ್ಲಿ ಎತ್ತುಗಳಿಗೇ ಮೇವಿರಲಿಲ್ಲ. ಈ ಕಹಿ ಅನುಭವದ ಫಲವಾಗಿ 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಸ್ಥಾಪಿತವಾಯಿತು. ಖರ್ಚು ಕಡಿಮೆಯೆಂದು ಒಂದು ಮೀಟರ್ ಅಗಲದ ಹಳಿಗಳನ್ನು ಹಾಸಲಾಯಿತು. ಅವು ಬೆಳಗಾವಿ, ಘಟಪ್ರಭಾ, ರಾಯಬಾಗ, ಕುಡಚಿಗಳನ್ನು ಹಾದು, ಕೃಷ್ಣೆಯನ್ನು ದಾಟಿ ಮಿರಜವನ್ನು ಸೇರಿದವು. ಅಥಣಿ, ಐಗಳಿಗಳನ್ನು ಮಾತ್ರ ಮುಟ್ಟಲಿಲ್ಲ.

ಲೋಂಡಾದಿಂದ ಕವಲೊಡೆದ ಹಳಿಯು ಕ್ಯಾಸಲ್‌ರಾಕ್‌ನಲ್ಲಿ ಪೋರ್ಚುಗೀಜರ ಗೋವೆಯ ರೈಲುಮಾರ್ಗವನ್ನು ಕೂಡಿಕೊಂಡು, ಘಟ್ಟವಿಳಿದು ಮರ್ಮಗೋವಾ ಬಂದರನ್ನು ತಲಪುತ್ತಿತ್ತು. 1955ರಲ್ಲಿ ಗೋವಾ ವಿಮೋಚನೆಯ ಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿತು. ಭಾರತವು ಗಡಿಯನ್ನು ಮುಚ್ಚಿತು. ಗೋವೆಗೆ ಹೋಗುವ ರೈಲು ನಿಂತುಹೋಯಿತು.

1961ರ ಡಿಸೆಂಬರಿನಲ್ಲಿ ಬೆಳಗಾವಿಯು ಸೇನೆಯ ನೆಲೆಯಾಯಿತು. ದೂರದ ಛಾವಣಿಗಳ ಪಡೆಗಳನ್ನು ವಿಶೇಷ ರೈಲುಗಳು ಅಲ್ಲಿಗೆ ಹೊತ್ತು ತಂದವು. ಅಗಲ ಹಳಿಯ ಬಂಡಿ ಕಿರಿದಾದ ಹಳಿಯ ಮೇಲೆ ಓಡದು. ಆದುದರಿಂದ ಉತ್ತರದಿಂದ ಬಂದ ಯುದ್ಧಸಾಮಗ್ರಿಯನ್ನು ನಡುವೆ ಇಳಿಸಿ ಮತ್ತೆ ತುಂಬಬೇಕಾಗುತ್ತಿತ್ತು. ಹಿಂದೆ ಉಳಿಸಿದ ಖರ್ಚಿನ ನಿಜವಾದ ಬೆಲೆ ಸಮರಕಾಲದಲ್ಲಿ ತಿಳಿಯಿತೆನ್ನಬಹುದು! ಡಿಸೆಂಬರ್ 19ರಂದು ಗೋವೆ ಬಿಡುಗಡೆಯಾಯಿತು.

1962ರಲ್ಲಿ ರೈಲು ಮತ್ತೆ ಘಟ್ಟವಿಳಿಯಿತು. ಮುಂದೆ ಹೊಸಪೇಟೆಯ ಕಡೆಯ ಕಬ್ಬಿಣದ ಅದಿರು ಅದೇ ದಾರಿಯಲ್ಲಿ ಬಂದರಿಗೆ ಸಾಗಿತು. ಈ ಹಳಿ ಅಗಲವಾದುದು 1990ರ ದಶಕದಲ್ಲಿ.